ಮೂರು ತೀರ್ಮಾನಗಳು, ಒಂದು ಸೋಲು: 2017ರ ‘ಘೋಸ್ಟ್ ಇನ್ ದ ಶೆಲ್’ ಪ್ರಕರಣ

ಜಪಾನಿನ ಮಾಂಗಾ (ಕಾಮಿಕ್ಸ್) ಮತ್ತು ಅನಿಮೆ (ಅನಿಮೇಷನ್) ಕೃತಿಗಳನ್ನು ಹಾಲಿವುಡ್ ತನ್ನ ನಟನಟಿಯರನ್ನು ಹಾಕಿಕೊಂಡು ತೆರೆಗೆ ತಂದಾಗಲೆಲ್ಲ ಕೆಡಿಸುತ್ತದೆ ಎಂಬ ಮಾತು ಅಭಿಮಾನಿಗಳ ವಲಯದಲ್ಲಿ ಚರ್ಚೆಗೇ ಆಸ್ಪದವಿಲ್ಲದ ಸತ್ಯದಂತೆ ಚಲಾವಣೆಯಲ್ಲಿದೆ. ಅದಕ್ಕೆ ಸಾಕ್ಷಿಯಾಗಿ ಸಾಮಾನ್ಯವಾಗಿ ಎತ್ತಿಕೊಳ್ಳುವುದು 2009ರ ‘ಡ್ರ್ಯಾಗನ್‌ಬಾಲ್ ಎವಲ್ಯೂಷನ್’ ಚಿತ್ರವನ್ನು. ಅದರ ಚಿತ್ರಕಥೆಗಾರ ಬೆನ್ ರ‍್ಯಾಮ್ಸಿ ಏಳು ವರ್ಷಗಳ ನಂತರ ಅಭಿಮಾನಿಗಳ ಕ್ಷಮೆ ಯಾಚಿಸಿ, ತಾವು ಆ ಕೆಲಸ ಒಪ್ಪಿಕೊಂಡದ್ದು ಮೂಲ ಕೃತಿಯ ಮೇಲಿನ ಪ್ರೀತಿಯಿಂದಲ್ಲ, ದೊಡ್ಡ ಸಂಭಾವನೆಯ ಆಸೆಯಿಂದ ಎಂದು ಹೇಳಿಕೊಂಡರು. ಇಂತಹ ಪ್ರಕರಣದಿಂದ ಕಲಿಯುವುದಕ್ಕೆ ಹೆಚ್ಚೇನೂ ಇರುವುದಿಲ್ಲ. ಅಸಡ್ಡೆಯಿಂದ ಮಾಡಿದ ಕೆಲಸ ಕೆಟ್ಟಿತು, ಅಷ್ಟೇ. ಹಣಕ್ಕೆ ಕೊರತೆಯಿಲ್ಲದೆ, ಮೂಲದ ಮೇಲೆ ಗೌರವವಿಟ್ಟುಕೊಂಡು, ಹಲವು ದೃಶ್ಯಗಳನ್ನು ಚೌಕಟ್ಟಿಗೆ ಚೌಕಟ್ಟು ಹೊಂದಿಸಿಕೊಂಡು ತೆಗೆದ ಚಿತ್ರವೊಂದು ಸೋತಾಗ ಮಾತ್ರ ಪ್ರಶ್ನೆ ಗಂಭೀರವಾಗುತ್ತದೆ. ರೂಪರ್ಟ್ ಸ್ಯಾಂಡರ್ಸ್ ನಿರ್ದೇಶಿಸಿ, ಸ್ಕಾರ್ಲೆಟ್ ಜೊಹಾನ್ಸನ್ ಮುಖ್ಯ ಪಾತ್ರ ವಹಿಸಿದ 2017ರ ‘ಘೋಸ್ಟ್ ಇನ್ ದ ಶೆಲ್’ ಅಂತಹ ಪ್ರಕರಣ.

ಈ ಸೋಲಿನ ಬಗ್ಗೆ ಪ್ರಚಲಿತವಾಗಿರುವ ವಿವರಣೆ ಒಂದೇ: ಜಪಾನಿ ಪಾತ್ರಕ್ಕೆ ಬಿಳಿಯ ನಟಿಯನ್ನು ಆರಿಸಿದರು, ಜನ ಸಿಟ್ಟಾದರು, ಚಿತ್ರ ಬಿತ್ತು. ಇದರಲ್ಲಿ ಸುಳ್ಳಿಲ್ಲ, ಆದರೆ ಇದು ಅರ್ಧ ಮಾತ್ರ. ನನ್ನ ದೃಷ್ಟಿಯಲ್ಲಿ ಇಲ್ಲಿ ಮೂರು ಬೇರೆ ಬೇರೆ ತೀರ್ಮಾನಗಳಿವೆ. ಒಂದೊಂದನ್ನೇ ತೆಗೆದುಕೊಂಡರೆ ಪ್ರತಿಯೊಂದಕ್ಕೂ ಸಮರ್ಥನೆ ಇದೆ. ಮೂರನ್ನೂ ಒಂದೇ ಚಿತ್ರದಲ್ಲಿ ಸೇರಿಸಿದಾಗ ಒಂದು ಇನ್ನೊಂದರ ಸಮರ್ಥನೆಯನ್ನು ಕಿತ್ತುಹಾಕುತ್ತದೆ.

ಮೂಲ ಕೃತಿ ಮತ್ತು ಅದರ ಪ್ರಶ್ನೆ

ಮಸಾಮುನೆ ಶಿರೋ ಅವರ ಮಾಂಗಾ 1989ರಲ್ಲಿ ಕೊಡಾನ್ಶಾ ಸಂಸ್ಥೆಯ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಆರಂಭವಾಯಿತು. ಅದನ್ನು ಆಧರಿಸಿ ಮಾಮೊರು ಓಶಿಯಿ ನಿರ್ದೇಶಿಸಿದ, ಪ್ರೊಡಕ್ಷನ್ ಐ.ಜಿ. ಸ್ಟುಡಿಯೋ ರೂಪಿಸಿದ ಅನಿಮೆ ಚಿತ್ರ 1995ರಲ್ಲಿ ಬಂತು. ಚಿತ್ರಮಂದಿರಗಳಲ್ಲಿ ಸಾಧಾರಣವಾಗಿ ಓಡಿದ ಈ ಚಿತ್ರ 1996ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ವಿಡಿಯೋ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. 1999ರ ‘ದ ಮೇಟ್ರಿಕ್ಸ್’ ಚಿತ್ರದ ನಿರ್ದೇಶಕರು ನಿರ್ಮಾಪಕ ಜೋಯೆಲ್ ಸಿಲ್ವರ್‌ಗೆ ಇದೇ ಅನಿಮೆಯನ್ನು ತೋರಿಸಿ, ಇದನ್ನೇ ನಿಜವಾದ ನಟರೊಂದಿಗೆ ಮಾಡಬೇಕೆಂದಿದ್ದೇವೆ ಎಂದು ಹೇಳಿದ್ದರು. ಅಂದರೆ 2017ರ ಚಿತ್ರ ಬರುವ ಹೊತ್ತಿಗೆ ಈ ಕಥೆಯ ರಸವನ್ನು ಹಾಲಿವುಡ್ ಒಂದು ಸಲ ಹಿಂಡಿಕೊಂಡಾಗಿತ್ತು.

ಕಥೆ ನಡೆಯುವುದು 2029ರಲ್ಲಿ. ಮನುಷ್ಯರು ತಮ್ಮ ಮಿದುಳನ್ನು ಜಾಲಕ್ಕೆ ನೇರವಾಗಿ ಜೋಡಿಸಿಕೊಳ್ಳಬಲ್ಲ, ದೇಹದ ಭಾಗಗಳನ್ನು ಯಂತ್ರಗಳಿಂದ ಬದಲಿಸಿಕೊಳ್ಳಬಲ್ಲ ಕಾಲ ಅದು. ಸೆಕ್ಷನ್ 9 ಎಂಬ ಸರ್ಕಾರಿ ದಳದಲ್ಲಿ ಮೇಜರ್ ಹುದ್ದೆಯಲ್ಲಿರುವ ಮೊತೊಕೊ ಕುಸಾನಾಗಿಯ ದೇಹ ಪೂರ್ತಿ ಕೃತಕ. ಮಿದುಳಿನ ಸ್ವಲ್ಪ ಭಾಗ ಮಾತ್ರ ಅವಳದು, ಅದೂ ತನ್ನದೇ ಹೌದೋ ಎಂಬ ಅನುಮಾನ ಅವಳಿಗೆ. ಓಶಿಯಿ ಅವರ ಚಿತ್ರದ ನಡುವೆ ಮೂರು ನಿಮಿಷಗಳಷ್ಟು ಕಾಲ ಮಾತೇ ಇಲ್ಲ. ಹಾಂಗ್‌ಕಾಂಗನ್ನು ಮಾದರಿಯಾಗಿಟ್ಟುಕೊಂಡು ಬರೆದ ಮಳೆಯ ನಗರ, ಕಾಲುವೆಗಳು, ಫಲಕಗಳು, ಹಿನ್ನೆಲೆಯಲ್ಲಿ ಜಪಾನಿ ಜಾನಪದ ಗಾಯಕಿಯರು ಹಾಡಿದ ಕೆಂಜಿ ಕವಾಯಿ ಅವರ ಸಂಗೀತ. ಆ ನಡುವೆ ಮೇಜರ್ ದೋಣಿಯಿಂದ ತಲೆಯೆತ್ತಿದಾಗ ಕಟ್ಟಡವೊಂದರ ಕಿಟಕಿಯ ಹಿಂದೆ ಕುಳಿತ ಹೆಂಗಸಿನ ಮುಖ ಥೇಟು ಅವಳದೇ ಮುಖ. ಅವಳ ದೇಹ ಕಾರ್ಖಾನೆಯಿಂದ ಬಂದ ಮಾದರಿ, ಅದೇ ಮಾದರಿಯ ದೇಹ ಬೇರೆಯವರಿಗೂ ಇರಬಹುದು ಎಂಬುದನ್ನು ಚಿತ್ರ ಒಂದು ಮಾತೂ ಆಡದೆ ಹೇಳಿ ಮುಂದೆ ಸಾಗುತ್ತದೆ.

ಗಮನಿಸಬೇಕಾದದ್ದು, ಈ ಚಿತ್ರ ಮೇಜರ್ ಹಿಂದೆ ಯಾರಾಗಿದ್ದಳು ಎಂದು ಕೇಳುವುದೇ ಇಲ್ಲ. ಅವಳ ಊರು, ತಂದೆತಾಯಿ, ಬಾಲ್ಯ ಯಾವುದೂ ಕಥೆಗೆ ಬೇಕಾಗಿಲ್ಲ. ಕೊನೆಯಲ್ಲಿ ಅವಳು ‘ಪಪೆಟ್ ಮಾಸ್ಟರ್’ ಎಂಬ, ಮಾಹಿತಿಯ ಕಡಲಲ್ಲಿ ತಾನಾಗಿಯೇ ಎಚ್ಚರಗೊಂಡ ಪ್ರೋಗ್ರಾಮಿನೊಡನೆ ಬೆರೆತು ಮೂರನೆಯದೇ ಆದ ಜೀವವಾಗುತ್ತಾಳೆ. ಹಳೆಯ ಗುರುತನ್ನು ಹುಡುಕಿಕೊಳ್ಳುವುದಲ್ಲ, ಬಿಟ್ಟುಕೊಡುವುದು ಅಲ್ಲಿನ ಬಿಡುಗಡೆ.

ಹಾಲಿವುಡ್‌ಗೆ ಬಂದ ದಾರಿ

ಡ್ರೀಮ್‌ವರ್ಕ್ಸ್ ಸಂಸ್ಥೆ ಹಕ್ಕುಗಳನ್ನು ಪಡೆದದ್ದು 2008ರಲ್ಲಿ. ಅದರ ಹಿಂದೆ ಸ್ಟೀವನ್ ಸ್ಪೀಲ್‌ಬರ್ಗ್ ಅವರ ಆಸಕ್ತಿ ಇತ್ತು. ಚಿತ್ರಕಥೆ ಹಲವು ಕೈಗಳನ್ನು ದಾಟಿತು. 2014ರ ಆರಂಭದಲ್ಲಿ ಸ್ಯಾಂಡರ್ಸ್ ನಿರ್ದೇಶಕರಾಗಿ ಬಂದರು, 2015ರ ಜನವರಿಯಲ್ಲಿ ಜೊಹಾನ್ಸನ್ ಹೆಸರು ಪ್ರಕಟವಾಯಿತು, 2016ರಲ್ಲಿ ವಿತರಣೆಯ ಹೊಣೆ ಡಿಸ್ನಿಯಿಂದ ಪ್ಯಾರಾಮೌಂಟ್‌ಗೆ ಹೋಯಿತು, ಅದೇ ವರ್ಷ ನ್ಯೂಜಿಲೆಂಡಿನ ವೆಲ್ಲಿಂಗ್ಟನ್‌ನಲ್ಲಿ ಚಿತ್ರೀಕರಣ ಶುರುವಾಯಿತು. ಬಜೆಟ್ 11 ಕೋಟಿ ಡಾಲರ್. ಈ ಮೊತ್ತವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮೊದಲನೆಯ ತೀರ್ಮಾನ, ಅಂದರೆ ಜೊಹಾನ್ಸನ್ ಆಯ್ಕೆ, ಅಷ್ಟು ವಿಚಿತ್ರವಾಗಿ ಕಾಣುವುದಿಲ್ಲ. ನಾಯಕಿಯೇ ಕೇಂದ್ರದಲ್ಲಿರುವ ವೈಜ್ಞಾನಿಕ ಸಾಹಸ ಚಿತ್ರಕ್ಕೆ ಇಷ್ಟು ಹಣ ಹೂಡಬೇಕೆಂದರೆ ಜಗತ್ತಿನಾದ್ಯಂತ ಗುರುತಿರುವ ಮುಖ ಬೇಕೆಂದು ಸ್ಟುಡಿಯೋ ಬಯಸುತ್ತದೆ. ಆ ಹೊತ್ತಿಗೆ ಮಾರ್ವೆಲ್ ಚಿತ್ರಗಳಿಂದಲೂ 2014ರ ‘ಲೂಸಿ’ಯಿಂದಲೂ ಅವರಿಗೆ ಆ ಬೆಲೆ ಬಂದಿತ್ತು. ಆದರೆ ಏಷ್ಯಾ ಮೂಲದ ನಟಿಯರಿಗೆ ಅಂತಹ ಮುಖಬೆಲೆ ಯಾಕಿಲ್ಲ ಎಂದರೆ, ಅವರಿಗೆ ಅಂತಹ ಪಾತ್ರಗಳು ಸಿಗದೇ ಇದ್ದುದರಿಂದ. ಈ ವರ್ತುಲವನ್ನು ಎತ್ತಿ ತೋರಿಸಿದವರ ವಾದವನ್ನು ಅಲ್ಲಗಳೆಯುವುದು ಸಾಧ್ಯವಿಲ್ಲ.

2016ರ ಏಪ್ರಿಲ್‌ನಲ್ಲಿ ಕುಸಾನಾಗಿಯ ಕೇಶವಿನ್ಯಾಸದಲ್ಲಿರುವ ಜೊಹಾನ್ಸನ್ ಅವರ ಮೊದಲ ಫೋಟೋ ಹೊರಬಿತ್ತು, ಅದರೊಂದಿಗೆ ಆಕ್ಷೇಪವೂ. ನಟರೊಬ್ಬರನ್ನು ಕಂಪ್ಯೂಟರ್ ಗ್ರಾಫಿಕ್ಸ್ ಮೂಲಕ ಏಷ್ಯಾದವರಂತೆ ಕಾಣಿಸುವ ಪರೀಕ್ಷೆಗಳು ನಡೆದಿದ್ದವೆಂಬ ಸುದ್ದಿ ಬೆಂಕಿಗೆ ತುಪ್ಪ ಸುರಿಯಿತು. ಅದು ಹಿನ್ನೆಲೆಯ ಸಣ್ಣ ಪಾತ್ರಕ್ಕಾಗಿ ನಡೆದ ಪ್ರಯೋಗ, ನಾಯಕಿಗೆ ಸಂಬಂಧಿಸಿದ್ದಲ್ಲ ಎಂದು ಸ್ಟುಡಿಯೋ ಸ್ಪಷ್ಟನೆ ಕೊಟ್ಟರೂ ಕೇಳುವವರಿರಲಿಲ್ಲ. ಬಿಡುಗಡೆಗೆ ಮುಂಚೆ ಪ್ಯಾರಾಮೌಂಟ್ ‘ನಾನೇ ಮೇಜರ್’ ಎಂಬರ್ಥದ ವಾಕ್ಯದೊಂದಿಗೆ ಪ್ರೇಕ್ಷಕರು ತಮ್ಮ ಚಿತ್ರಗಳನ್ನು ಹಾಕಿಕೊಳ್ಳುವ ಪ್ರಚಾರದ ಸಲಕರಣೆಯೊಂದನ್ನು ಜಾಲದಲ್ಲಿ ಬಿಟ್ಟಿತು. ಜನ ಅದನ್ನೇ ಬಳಸಿ ಆಯ್ಕೆಯನ್ನು ಹಂಗಿಸುವ ಚಿತ್ರಗಳನ್ನು ಮಾಡಿ ಹಂಚಿದರು. ಪ್ರಚಾರ ವಿಭಾಗದವರಿಗೆ ಎದುರಿಗಿದ್ದ ಸಿಟ್ಟಿನ ಅಂದಾಜೇ ಇರಲಿಲ್ಲವೆಂದು ಕಾಣುತ್ತದೆ.

ಜಪಾನಿನ ಪ್ರತಿಕ್ರಿಯೆ ಬೇರೆ ದಾರಿ ಹಿಡಿಯಿತು. ಕೊಡಾನ್ಶಾದ ಅಂತಾರಾಷ್ಟ್ರೀಯ ವ್ಯವಹಾರ ವಿಭಾಗದ ಸ್ಯಾಮ್ ಯೋಶಿಬಾ, ಜೊಹಾನ್ಸನ್ ಈ ಪಾತ್ರಕ್ಕೆ ಒಪ್ಪುತ್ತಾರೆ, ಜಪಾನಿ ನಟಿ ಇರುತ್ತಾರೆಂದು ತಾವು ಮೊದಲಿನಿಂದಲೂ ಭಾವಿಸಿರಲಿಲ್ಲ ಎಂಬರ್ಥದ ಮಾತಾಡಿದರು. ಓಶಿಯಿ ಇನ್ನೂ ಮುಂದೆ ಹೋದರು: ಮೇಜರ್‌ಳ ದೇಹವೂ ಹೆಸರೂ ಅವಳ ಮೂಲದ್ದಲ್ಲ, ಆದ್ದರಿಂದ ಏಷ್ಯಾದ ನಟಿಯೇ ಬೇಕೆನ್ನುವುದಕ್ಕೆ ಆಧಾರವಿಲ್ಲ. ತಮ್ಮ ಚಿತ್ರದ ಮಟ್ಟಿಗೆ ಅವರ ಮಾತು ನೂರಕ್ಕೆ ನೂರು ಸರಿ. ಜಪಾನಿನ ಜನ ತಮ್ಮ ದೇಶದಲ್ಲಿ ಬಹುಸಂಖ್ಯಾತರು, ಅವರ ಮುಖಗಳಿಗೆ ಅಲ್ಲಿನ ತೆರೆಯಲ್ಲಿ ಬರವಿಲ್ಲ. ಅಮೆರಿಕದಲ್ಲಿ ಹುಟ್ಟಿ ಬೆಳೆದ ಜಪಾನಿ ಮೂಲದವರ ಅನುಭವ ಹಾಗಲ್ಲ. ‘ಜಪಾನಿಯರಿಗೇ ಇಲ್ಲದ ತಕರಾರು ನಿಮಗೇಕೆ’ ಎಂದು ಕೇಳಿದವರು ಈ ಎರಡು ಸಮುದಾಯಗಳನ್ನು ಒಂದೇ ಮಾಡಿಬಿಟ್ಟಿದ್ದರು.

ಜಪಾನಿನಲ್ಲಿ ಚಿತ್ರ ಬಿಡುಗಡೆಯಾದಾಗ ನಡೆದ ಒಂದು ಸಂಗತಿ ಇಲ್ಲಿ ಉಲ್ಲೇಖಾರ್ಹ. ಜಪಾನಿ ಡಬ್ಬಿಂಗ್‌ನಲ್ಲಿ ಜೊಹಾನ್ಸನ್‌ಗೆ ಧ್ವನಿ ಕೊಟ್ಟವರು 1995ರ ಚಿತ್ರದಲ್ಲಿ ಮೊತೊಕೊಗೆ ಧ್ವನಿಯಾಗಿದ್ದ ಅತ್ಸುಕೊ ತನಾಕಾ. ದಳದಲ್ಲಿ ಮೇಜರ್‌ಳ ಸಹೋದ್ಯೋಗಿಗಳಾದ ಬಾತೊ ಮತ್ತು ತೊಗುಸಾ ಪಾತ್ರಗಳಿಗೂ ಅನಿಮೆಯ ಕಲಾವಿದರೇ ಮರಳಿದರು. ಎರಡು ದಶಕಗಳಿಂದ ಕೇಳಿಬಂದ ಅದೇ ದನಿ ಬೇರೊಂದು ದೇಹದಿಂದ ಹೊಮ್ಮುವುದನ್ನು ಅಲ್ಲಿನ ಪ್ರೇಕ್ಷಕರು ಕೇಳಿದರು. ಮೂಲ ಕೃತಿಯ ವಿಚಾರಕ್ಕೆ ಇಡೀ ಯೋಜನೆಯಲ್ಲಿ ಅತ್ಯಂತ ಹತ್ತಿರ ಬಂದದ್ದು ಈ ಡಬ್ಬಿಂಗ್ ಎಂದರೆ ಅತಿಶಯೋಕ್ತಿಯಾಗಲಾರದು.

ಎರಡನೆಯ ತೀರ್ಮಾನ: ಹೊರರೂಪದ ನಿಷ್ಠೆ

ಕಥೆ ನಡೆಯುವ ಜಗತ್ತನ್ನು ಬದಲಿಸದೆ, ಅನಿಮೆಯ ನೋಟವನ್ನು ಆದಷ್ಟೂ ಹಾಗೆಯೇ ತರುವುದೆಂದು ನಿರ್ಧರಿಸಲಾಯಿತು. ಕೃತಕ ದೇಹ ರೂಪುಗೊಳ್ಳುವ ಆರಂಭದ ದೃಶ್ಯ, ಕಟ್ಟಡದ ತುದಿಯಿಂದ ಮೇಜರ್ ಹಿಮ್ಮುಖವಾಗಿ ಬೀಳುವುದು, ಕಾಲುಮುಳುಗುವಷ್ಟು ನೀರಿನಲ್ಲಿ ಅದೃಶ್ಯ ಶರೀರದೊಡನೆ ನಡೆಯುವ ಹೊಡೆದಾಟ, ಜೇಡದಾಕಾರದ ಟ್ಯಾಂಕಿನ ಮುಚ್ಚಳವನ್ನು ತನ್ನ ತೋಳು ಹರಿದುಹೋಗುವವರೆಗೆ ಎಳೆಯುವುದು ಎಲ್ಲವೂ ಮೂಲದಿಂದಲೇ ಬಂದವು. ವೆಲ್ಲಿಂಗ್ಟನ್ನಿನ ವೇಟಾ ವರ್ಕ್‌ಶಾಪ್ ಮೇಜರ್‌ಳ ಉಡುಪನ್ನು ಸಿಲಿಕೋನ್‌ನಲ್ಲಿ ಮಾಡಿತು; ಗೇಶಾ ರೋಬೋಟ್‌ಗಳ ಮುಖ ತೆರೆದುಕೊಳ್ಳುವ ತಲೆಗಳನ್ನು ಗ್ರಾಫಿಕ್ಸ್‌ಗೆ ಬಿಡದೆ ಯಂತ್ರವಾಗಿಯೇ ರೂಪಿಸಿತು. ಕುಶಲ ಕೆಲಸ, ಇಂದಿಗೂ ನೋಡಲು ಚೆನ್ನಾಗಿದೆ. ಆ ಗೇಶಾ ಮುಖವಾಡಕ್ಕೆ ಅಚ್ಚಾದದ್ದು ಜಪಾನಿ ನಟಿ ರೀಲಾ ಫುಕುಶಿಮಾ ಅವರ ಮುಖ. ಜಪಾನಿ ಹೆಣ್ಣಿನ ಮುಖ ರೋಬೋಟಿಗೆ, ನಾಯಕಿಯ ಪಾತ್ರ ಬೇರೆಯವರಿಗೆ ಎಂದು ಟೀಕಾಕಾರರು ಹೇಳಲು ಇದಕ್ಕಿಂತ ಹೆಚ್ಚು ಬೇಕಿರಲಿಲ್ಲ.

ರಿಮೇಕ್ ಎಂಬುದು ಕನ್ನಡ ಪ್ರೇಕ್ಷಕರಿಗೆ ಹೊಸದಲ್ಲ. ಊರು, ಮನೆತನ, ಊಟ, ಹಬ್ಬ ಎಲ್ಲವನ್ನೂ ಇಲ್ಲಿಯದಾಗಿಸಿಕೊಂಡ ರಿಮೇಕನ್ನು ಅದರ ಮೂಲ ತಮಿಳೋ ಮಲಯಾಳವೋ ಎಂದು ತಲೆಕೆಡಿಸಿಕೊಳ್ಳದೆ ನೋಡಿದ್ದೇವೆ. ಅರ್ಧ ಅಲ್ಲಿಯದು, ಅರ್ಧ ಇಲ್ಲಿಯದು ಆಗಿ ಉಳಿದಾಗ ಮಾತ್ರ ಅದು ಕಣ್ಣಿಗೆ ಚುಚ್ಚುತ್ತದೆ. 2017ರ ಚಿತ್ರ ಸಿಕ್ಕಿಹಾಕಿಕೊಂಡದ್ದು ಈ ಅರ್ಧದಲ್ಲಿ. ನಗರಕ್ಕೆ ದೇಶದ ಹೆಸರಿಲ್ಲ, ಆದರೆ ಬೀದಿಗಳ ನೋಟ ಪೂರ್ವ ಏಷ್ಯಾದ್ದು. ದಳದ ಮುಖ್ಯಸ್ಥ ಅರಾಮಾಕಿಯ ಪಾತ್ರದಲ್ಲಿ ತಕೇಶಿ ಕಿಟಾನೊ ಜಪಾನಿ ಭಾಷೆಯಲ್ಲೇ ಮಾತಾಡುತ್ತಾರೆ, ಉಳಿದವರು ಇಂಗ್ಲಿಷಿನಲ್ಲಿ ಉತ್ತರಿಸುತ್ತಾರೆ. ಎರಡನೆಯ ತೀರ್ಮಾನ ಹೀಗೆ ಮೊದಲನೆಯದನ್ನು ಎತ್ತಿ ತೋರಿಸುತ್ತದೆ: ಸುತ್ತ ಜಪಾನು ಇಷ್ಟು ನಿಷ್ಠೆಯಿಂದ ಇರುವಾಗ ನಡುವಿನಲ್ಲಿ ಮಾತ್ರ ಅದು ಯಾಕಿಲ್ಲ?

ಮೂರನೆಯದು: ಉತ್ತರವಿಲ್ಲದ ಪ್ರಶ್ನೆಗೆ ಉತ್ತರ

ಇಷ್ಟಾದರೂ ಓಶಿಯಿ ಅವರ ಸಮರ್ಥನೆ ಇನ್ನೂ ನಿಲ್ಲುತ್ತಿತ್ತು. ದೇಹ ಕೇವಲ ಕವಚ, ಅದು ಯಾವ ಜನಾಂಗದ್ದಾದರೂ ಆಗಿರಬಹುದು ಎಂದು ಚಿತ್ರ ಹೇಳಿ ಸುಮ್ಮನಾಗಬಹುದಿತ್ತು. ಚಿತ್ರಕಥೆ ಸುಮ್ಮನಿರಲಿಲ್ಲ.

ಹೊಸ ಕಥೆಯಲ್ಲಿ ನಾಯಕಿಯ ಹೆಸರು ಮೀರಾ ಕಿಲಿಯನ್. ಹಂಕಾ ಎಂಬ ಕಂಪನಿ ಅವಳ ಮಿದುಳನ್ನು ಯಂತ್ರದೇಹದಲ್ಲಿ ಇಟ್ಟಿದೆ. ಅವಳ ತಂದೆತಾಯಿ ಭಯೋತ್ಪಾದಕರ ದಾಳಿಯಲ್ಲಿ ಸತ್ತರೆಂದು ನಂಬಿಸಿದೆ. 1995ರಲ್ಲಿ ಎಷ್ಟೋ ದೇಹಗಳಲ್ಲಿ ಒಂದಾಗಿದ್ದದ್ದು ಇಲ್ಲಿ ಜಗತ್ತಿನಲ್ಲೇ ಮೊದಲನೆಯದು. ಆಗಾಗ ಕಾಣುವ ದೃಶ್ಯಗಳನ್ನು ತಾಂತ್ರಿಕ ದೋಷವೆಂದು ಹೇಳಿ ಔಷಧ ಕೊಡುತ್ತಾರೆ. ನಿಜದಲ್ಲಿ ಅವು ನೆನಪುಗಳು. ಕಥೆ ಮುಂದುವರಿದಂತೆ ಗೊತ್ತಾಗುವುದೇನೆಂದರೆ ಅವಳು ಮೊತೊಕೊ ಕುಸಾನಾಗಿ ಎಂಬ, ಮನೆಬಿಟ್ಟು ಹೋಗಿದ್ದ ಜಪಾನಿ ಹುಡುಗಿ. ಕಂಪನಿ ಅವಳನ್ನು ಅಪಹರಿಸಿ, ನೆನಪನ್ನು ಅಳಿಸಿ, ಬಿಳಿಯ ಹೆಣ್ಣಿನ ದೇಹದಲ್ಲಿ ಇಟ್ಟಿದೆ. ಅವಳು ಬೆನ್ನಟ್ಟುವ ಕುಜೆ ಅವಳದೇ ಹಳೆಯ ಗೆಳೆಯ ಹಿಡಿಯೊ. ಆ ಪಾತ್ರ ವಹಿಸಿದವರು ಮೈಕೆಲ್ ಪಿಟ್.

ಇದರ ಅರ್ಥವನ್ನು ನಿಧಾನವಾಗಿ ನೋಡಬೇಕು. ಪಾತ್ರಕ್ಕೆ ಜನಾಂಗದ ಗುರುತೇ ಇಲ್ಲ ಎಂಬುದು ಆಯ್ಕೆಯ ಸಮರ್ಥನೆಯಾಗಿತ್ತು. ತಾನು ಬೇರೆ ಜನಾಂಗದ ವ್ಯಕ್ತಿಯಾಗಿ ನಟಿಸಲು ಮುಂದಾಗುವವಳಲ್ಲ ಎಂದು ಜೊಹಾನ್ಸನ್ ಬಿಡುಗಡೆಗೆ ಮೊದಲು ಸಂದರ್ಶನದಲ್ಲಿ ಹೇಳಿದ್ದರು. ಚಿತ್ರ ನೋಡಲು ಹೋದವರಿಗೆ ತಿಳಿದದ್ದು ಆ ಪಾತ್ರ ಜಪಾನಿಯೇ, ಹೆಸರೂ ಮನೆಯೂ ಗೋರಿಯೂ ಇರುವ ಜಪಾನಿ ಹುಡುಗಿ ಎಂಬುದು. ಅಷ್ಟೇ ಅಲ್ಲ, ಜಪಾನಿ ಹುಡುಗಿಯ ಒಳಗನ್ನು ತೆಗೆದು ಬಿಳಿಯ ದೇಹಕ್ಕೆ ತುಂಬುವವರು ಈ ಕಥೆಯ ಖಳರು. ಚಿತ್ರದ ಮೇಲಿದ್ದ ಆರೋಪವನ್ನು ಚಿತ್ರವೇ ಕಥೆಯಾಗಿ ಹೇಳಿ, ತನ್ನ ನಿರ್ಮಾಪಕರನ್ನು ಹಂಕಾ ಕಂಪನಿಯ ಜಾಗದಲ್ಲಿ ನಿಲ್ಲಿಸಿತು. ಇದನ್ನು ಯಾರಾದರೂ ಬೇಕೆಂದೇ ಮಾಡಿದ್ದರೆ ಅದು ಹರಿತವಾದ ವಿಡಂಬನೆಯಾಗುತ್ತಿತ್ತು. ಆದರೆ ಚಿತ್ರದ ಧಾಟಿಯಲ್ಲಿ ಅಂತಹ ಸುಳಿವೇ ಇಲ್ಲ.

ತಾಯಿಯ ಮನೆಯ ದೃಶ್ಯದಲ್ಲಿ ಇದು ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ. ಬಹುಮಹಡಿ ಕಟ್ಟಡದ ಸಣ್ಣ ಮನೆಗೆ ಮೇಜರ್ ಹೋಗುತ್ತಾಳೆ. ಕಾವೋರಿ ಮೊಮೊಯಿ ಅಭಿನಯಿಸಿದ ಮುದುಕಿ ಅವಳನ್ನು ಕೂರಿಸಿ ಚಹಾ ಕೊಡುತ್ತಾಳೆ, ಜಗಳವಾಡಿ ಮನೆಬಿಟ್ಟ ಮಗಳ ಬಗ್ಗೆ, ಸರ್ಕಾರ ತಂದುಕೊಟ್ಟ ಬೂದಿಯ ಬಗ್ಗೆ ಹೇಳುತ್ತಾಳೆ, ನೀನು ನೋಡುವ ರೀತಿ ಅವಳದೇ ಎನ್ನುತ್ತಾಳೆ. ಮೊಮೊಯಿ ಅದ್ಭುತ ನಟಿ, ದೃಶ್ಯದ ಭಾರವನ್ನೆಲ್ಲ ಅವರೊಬ್ಬರೇ ಹೊತ್ತಿದ್ದಾರೆ. ಆದರೆ ಆ ತಾಯಿ ಮಾತಾಡುವುದು ತಡವರಿಸುವ ಇಂಗ್ಲಿಷಿನಲ್ಲಿ. ಕಚೇರಿಯಲ್ಲಿ ಅರಾಮಾಕಿ ಜಪಾನಿ ಮಾತಾಡಿದರೆ ಮೇಜರ್‌ಗೆ ತಿಳಿಯುತ್ತದೆ. ತನ್ನ ಮನೆಯಲ್ಲಿ ಮಗಳನ್ನು ನೆನೆಯುವ ತಾಯಿಗೆ ಮಾತ್ರ ತನ್ನ ಭಾಷೆ ಇಲ್ಲ.

ಮೂಲದ ಪ್ರಶ್ನೆ ಎಷ್ಟು ಸಣ್ಣದಾಯಿತು ಎಂಬುದಕ್ಕೆ ಕಸದ ಲಾರಿಯ ಪ್ರಸಂಗ ಸಾಕ್ಷಿ, ಏಕೆಂದರೆ ಅದು ಎರಡೂ ಚಿತ್ರಗಳಲ್ಲಿದೆ. 1995ರಲ್ಲಿ ಕಸ ಸಾಗಿಸುವವನೊಬ್ಬ ತನ್ನ ಹೆಂಡತಿ ವಿಚ್ಛೇದನಕ್ಕೆ ಮುಂದಾಗಿದ್ದಾಳೆ, ಮಗಳನ್ನು ನೋಡಲು ಬಿಡುವುದಿಲ್ಲ ಎಂದು ನಂಬಿ, ಅವಳ ಮನಸ್ಸಿನಲ್ಲೇನಿದೆ ಎಂದು ತಿಳಿಯಲು ಯಾರೋ ಕೊಟ್ಟ ಪ್ರೋಗ್ರಾಮ್ ಬಳಸುತ್ತಿರುತ್ತಾನೆ. ಹಿಡಿದು ವಿಚಾರಿಸಿದಾಗ ಅವನಿಗೆ ತಿಳಿಯುವುದು ಹೆಂಡತಿಯೂ ಇಲ್ಲ, ಮಗಳೂ ಇಲ್ಲ, ಎಲ್ಲವೂ ಹೊರಗಿನಿಂದ ತುಂಬಿದ ನೆನಪು ಎಂದು. ಮಗಳದೆಂದು ಅವನು ತೋರಿಸುತ್ತಿದ್ದ ಫೋಟೋದಲ್ಲಿ ಮಗಳಿಲ್ಲ. ಈ ಸುಳ್ಳು ನೆನಪನ್ನು ತೆಗೆಯಲು ಆಗುತ್ತದೆಯೇ ಎಂದು ಅವನು ಕೇಳುತ್ತಾನೆ. ಸಾಧ್ಯವಾಗಲಾರದು ಎಂಬ ಉತ್ತರ ಬರುತ್ತದೆ. ಗಾಜಿನ ಆಚೆ ಮೇಜರ್ ನೋಡುತ್ತ ನಿಂತಿದ್ದಾಳೆ. ಅವನ ಸ್ಥಿತಿ ಮತ್ತು ತನ್ನ ಸ್ಥಿತಿಯ ನಡುವಿನ ವ್ಯತ್ಯಾಸವನ್ನು ಸಾಬೀತು ಮಾಡುವ ಯಾವ ದಾರಿಯೂ ಅವಳಿಗಿಲ್ಲ, ಮುಂದೆಯೂ ಸಿಗುವುದಿಲ್ಲ. 2017ರಲ್ಲಿ ಅದೇ ಮನುಷ್ಯ, ಅದೇ ಇಲ್ಲದ ಮಗಳು, ಅದೇ ಫೋಟೋ. ಆದರೆ ಕುಜೆ ಅವನ ಬಾಯಿಂದ ಮಾತಾಡುತ್ತಾನೆ, ಅವನು ಸಾಯುತ್ತಾನೆ, ದಳಕ್ಕೆ ಕುಜೆಯ ಜಾಡು ಸಿಗುತ್ತದೆ. ಮೂಲದಲ್ಲಿ ಗಾಯವಾಗಿದ್ದದ್ದು ಇಲ್ಲಿ ಪತ್ತೇದಾರಿಕೆಯ ಸುಳಿವಾಗಿದೆ. ಮೇಜರ್‌ಗೆ ತನ್ನ ನಿಜವಾದ ನೆನಪು ಮುಂದೆ ಸಿಕ್ಕೇ ಸಿಗುವುದರಿಂದ ಆ ಬಡಪಾಯಿಯ ಗೋಜಲು ಅವಳದಾಗುವುದೇ ಇಲ್ಲ.

ಮೂಲ ಸರಣಿಯಲ್ಲೇ ಮೇಜರ್‌ಗೆ ಬಾಲ್ಯವಿದೆಯಲ್ಲ ಎಂದು ಬಲ್ಲವರು ಆಕ್ಷೇಪಿಸಬಹುದು. ಹೌದು. ಕುಜೆ ಎಂಬ ಹೆಸರೇ ಇದೇ ಮಾಂಗಾದಿಂದ ಬಂದ ‘ಸ್ಟ್ಯಾಂಡ್ ಅಲೋನ್ ಕಾಂಪ್ಲೆಕ್ಸ್’ ಅನಿಮೆ ಟಿವಿ ಸರಣಿಯ ಎರಡನೆಯ ಭಾಗದ್ದು. ಅಪಘಾತದಲ್ಲಿ ಬದುಕುಳಿದ ಹುಡುಗ ಹುಡುಗಿ, ಕಾಗದದ ಕೊಕ್ಕರೆಗಳು ಎಲ್ಲ ಅಲ್ಲಿವೆ. ಆದರೆ ಆ ದೀರ್ಘ ಸರಣಿಯಲ್ಲಿ ಅದು ಒಂದು ಎಳೆ. ಅದು ತಿಳಿದ ಮಾತ್ರಕ್ಕೆ ಮೇಜರ್ ಯಾರೆಂಬ ಪ್ರಶ್ನೆ ಮುಗಿಯುವುದಿಲ್ಲ. ಹಾಲಿವುಡ್ ಅದನ್ನೇ ಬೀಗದ ಕೈಯಾಗಿ ಮಾಡಿಕೊಂಡಿತು. ಜೂಲಿಯೆಟ್ ಬಿನೋಷ್ ಅಭಿನಯಿಸಿದ ವೈದ್ಯೆ ನಮ್ಮನ್ನು ರೂಪಿಸುವುದು ನೆನಪುಗಳಲ್ಲ, ನಮ್ಮ ಕೆಲಸಗಳು ಎಂದು ಬೋಧಿಸುತ್ತಾಳೆ, ಮೇಜರ್ ಕೊನೆಯಲ್ಲಿ ಅದನ್ನೇ ಪುನರುಚ್ಚರಿಸುತ್ತಾಳೆ. ಕಥೆಯುದ್ದಕ್ಕೂ ಅವಳು ಮಾಡಿದ್ದು ನೆನಪನ್ನು ಹುಡುಕುವ ಕೆಲಸವೊಂದನ್ನೇ. ತನ್ನ ಜಾಲಕ್ಕೆ ಬಾ ಎಂದು ಕುಜೆ ಕರೆದಾಗ ಅವಳು ಒಲ್ಲೆನೆಂದು ಇಲ್ಲಿಯೇ ಉಳಿಯುತ್ತಾಳೆ. 1995ರ ಮೇಜರ್ ಹೋಗಿದ್ದಳು.

ಆದರೆ ಈ ಮೂರನೆಯ ತೀರ್ಮಾನಕ್ಕೂ ವ್ಯಾಪಾರದ ತರ್ಕವಿದೆ. ಹುಟ್ಟಿನ ಕಥೆ, ವಂಚಿಸಿದ ಕಂಪನಿ, ಸೇಡು, ಕೊನೆಗೊಂದು ನೆಮ್ಮದಿ ಎಂಬ ಹಾದಿ ಅಪರಿಚಿತ ಪಾತ್ರವನ್ನು ಹೊಸ ಪ್ರೇಕ್ಷಕರಿಗೆ ಒಪ್ಪಿಸಲು, ಮುಂದಿನ ಭಾಗಕ್ಕೆ ಬಾಗಿಲು ತೆರೆದಿಡಲು ಹಾಲಿವುಡ್ ವರ್ಷಗಳಿಂದ ನಂಬಿಕೊಂಡು ಬಂದ ಹಾದಿ.

ಲೆಕ್ಕ

2017ರ ಮಾರ್ಚ್ 31ರಂದು ಅಮೆರಿಕದಲ್ಲಿ ತೆರೆಕಂಡ ಚಿತ್ರ ಮೊದಲ ವಾರಾಂತ್ಯದಲ್ಲಿ ಗಳಿಸಿದ್ದು ಸುಮಾರು 1.87 ಕೋಟಿ ಡಾಲರ್. ಅಲ್ಲಿನ ಒಟ್ಟು ಗಳಿಕೆ 4 ಕೋಟಿಯ ಆಸುಪಾಸು, ಜಗತ್ತಿನಾದ್ಯಂತ 17 ಕೋಟಿಯ ಹತ್ತಿರ. 11 ಕೋಟಿ ಹಾಕಿ 17 ಕೋಟಿ ಬಂದರೆ ಲಾಭವಲ್ಲವೇ ಎಂದು ತೋರಬಹುದು. ಟಿಕೆಟ್ ಹಣದ ಅರ್ಧದಷ್ಟು ಚಿತ್ರಮಂದಿರಗಳಲ್ಲೇ ಉಳಿಯುತ್ತದೆ, ಚೀನಾದ ಗಳಿಕೆಯಲ್ಲಿ ವಿದೇಶಿ ಸ್ಟುಡಿಯೋಗೆ ದಕ್ಕುವುದು ಕಾಲು ಭಾಗ ಮಾತ್ರ, ಪ್ರಚಾರದ ಖರ್ಚು ಬಜೆಟ್ಟಿನ ಹೊರಗಿನದು. ನಷ್ಟ 6 ಕೋಟಿ ಡಾಲರಿಗೂ ಹೆಚ್ಚೆಂದು ವ್ಯಾಪಾರ ಪತ್ರಿಕೆಗಳು ಅಂದಾಜಿಸಿದವು. ನಟಿಯ ಆಯ್ಕೆಯ ಸುತ್ತಲಿನ ಚರ್ಚೆ ವಿಮರ್ಶೆಗಳ ಮೇಲೆ ಪರಿಣಾಮ ಬೀರಿತೆಂದು ಪ್ಯಾರಾಮೌಂಟ್‌ನ ವಿತರಣಾ ಮುಖ್ಯಸ್ಥರು ಒಪ್ಪಿಕೊಂಡರು. ಚಿತ್ರಕಥೆಯ ತಿರುವಿಗೂ ಆ ಚರ್ಚೆಗೂ ಇದ್ದ ನಂಟು ಆ ವಿವರಣೆಯಲ್ಲಿ ಇರಲಿಲ್ಲ.

ಬೇರೆ ದಾರಿ ಹಿಡಿದವರು

2014ರ ‘ಎಡ್ಜ್ ಆಫ್ ಟುಮಾರೋ’ ಹಿರೋಶಿ ಸಕುರಾಜಾಕಾ ಅವರ ಜಪಾನಿ ಕಾದಂಬರಿಯಿಂದ ಬಂದದ್ದು. ಅದು ಯುದ್ಧಭೂಮಿಯನ್ನು ಜಪಾನಿನಿಂದ ಯುರೋಪಿಗೆ ಸಾಗಿಸಿ, ಕೆಯಿಜಿ ಎಂಬ ಸೈನಿಕನನ್ನು ಟಾಮ್ ಕ್ರೂಸ್ ಅಭಿನಯಿಸಿದ ಅಮೆರಿಕನ್ ಅಧಿಕಾರಿಯನ್ನಾಗಿ ಮಾಡಿತು. ಟೀಕೆ ಬರಲಿಲ್ಲವೆಂದಲ್ಲ, ಆದರೆ ಚಿತ್ರವನ್ನು ಮುಳುಗಿಸುವಷ್ಟು ಬರಲಿಲ್ಲ. ಪೂರ್ತಿ ಸ್ಥಳಾಂತರವಾದ ಕಥೆಯಲ್ಲಿ ನೋಡುಗನಿಗೆ ತೊಡಕಾಗುವ ಅರ್ಧ ಭಾಗ ಉಳಿದಿರಲಿಲ್ಲ, ಒಂದೇ ದಿನ ಮರಳಿ ಮರಳಿ ಬರುವ ಕಥೆಯ ಯಂತ್ರವನ್ನು ಮಾತ್ರ ಮುಟ್ಟದೆ ಬಿಟ್ಟಿದ್ದರು.

2023ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ‘ಒನ್ ಪೀಸ್’ ಮತ್ತೊಂದು ಬಗೆಯದು. ಮಾಂಗಾದ ಕರ್ತೃ ಎಯಿಚಿರೊ ಓದಾ, ತಮಗೆ ತೃಪ್ತಿಯಾಗುವವರೆಗೆ ಸರಣಿಯನ್ನು ಬಿಡುಗಡೆ ಮಾಡುವುದಿಲ್ಲವೆಂದು ಸಂಸ್ಥೆ ಒಪ್ಪಿಕೊಂಡಿದೆ ಎಂದು ಅಭಿಮಾನಿಗಳಿಗೆ ಪತ್ರದಲ್ಲಿ ತಿಳಿಸಿದ್ದರು. ಓಶಿಯಿ 2016ರಲ್ಲಿ ಚಿತ್ರೀಕರಣದ ಸ್ಥಳಕ್ಕೆ ಹೋಗಿದ್ದರೂ ಅತಿಥಿಯಾಗಿ ಹೋಗಿದ್ದವರು. ಬೇಡ ಎನ್ನುವ ಅಧಿಕಾರ ಅತಿಥಿಗೆ ಇರುವುದಿಲ್ಲ. ‘ಒನ್ ಪೀಸ್’ನ ನಾಯಕ ಲುಫಿಯಾಗಿ ಮೆಕ್ಸಿಕೋದ ಇನ್ಯಾಕಿ ಗೊಡೊಯ್, ಜೋರೊ ಪಾತ್ರದಲ್ಲಿ ಜಪಾನಿನ ಮಕೆನ್ಯೂ ಇದ್ದಾರೆ. ಈ ಕಡಲ್ಗಳ್ಳರು ನಿಜಜಗತ್ತಿನವರಾಗಿದ್ದರೆ ಯಾವ ದೇಶದವರಾಗಿರುತ್ತಿದ್ದರು ಎಂಬ ಓದುಗರ ಪ್ರಶ್ನೆಗೆ ಓದಾ ಹಿಂದೆಯೇ ಉತ್ತರಿಸಿ, ಲುಫಿ ಬ್ರೆಜಿಲಿನವನು, ಜೋರೊ ಜಪಾನಿನವನು ಎಂದಿದ್ದರು. ಕಥೆಯ ಲೋಕ ಯಾವ ಒಂದು ದೇಶದ್ದೂ ಅಲ್ಲವಾದ್ದರಿಂದ ಬೇರೆ ಬೇರೆ ಮುಖಗಳು ಅಲ್ಲಿ ಸಹಜವಾಗಿ ಕೂತವು. ಲುಫಿಯ ತಾಯಿ ಯಾರು ಎಂಬುದನ್ನು ಮಾಂಗಾ ಆಗಿನ್ನೂ ಹೇಳಿರಲಿಲ್ಲ. ಸರಣಿಯೂ ಅದನ್ನು ಹುಡುಕಿಕೊಂಡು ಹೋಗಲಿಲ್ಲ.